ಸೋತವರ ಮನೆಗೆ ಮಲ್ಲಿಗೆ ಹಾರ

೧೯೮೫ನೇ ಇಸವಿಯ ಆರಂಭ. ಕುವೈತ್‌ನಲ್ಲಿ ಆಗ ನ್ಯಾಷನಲ್ ಅಸೆಂಬ್ಲಿಗೆ ಚುನಾವಣೆ. ನಾವು ಫಿಂಟಾಸಿನಲ್ಲಿ, ಸಮುದ್ರಕ್ಕೆ ಹತ್ತಿರದ ಒಂದು ಬೀದಿಯಲ್ಲಿ, ಸಾಲೆಮ್ ಎಂಬ ಕುವೈತಿಯವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಆ ಸಲ ಚುನಾವಣೆಗೆ ನಮ್ಮ ಮಾಲೀಕರೇ ನಿಂತಿದ್ದರು. ನಮಗೆ ಅಲ್ಲಿ ಓಟಿಲ್ಲ. ಅಲ್ಲಿನ ಹೆಂಗಸರಿಗೂ ಆಗ ಓಟಿರಲಿಲ್ಲ. ಆದರೂ ಆ ಫಲಿತಾಂಶಕ್ಕಾಗಿ ನಾನು ಕಾದಷ್ಟು ಅವರ ಏಜೆಂಟರೂ ಕಾದಿರಲಿಕ್ಕಿಲ್ಲ. ಅದಕ್ಕೆ ಕಾರಣವಿತ್ತು.

ನನ್ನ ತವರು ಮಂಗಳೂರಿನ ಹತ್ತಿರ. ಮದುವೆಯಾಗಿ ಎರಡು ತಿಂಗಳಿಗೆ ನನ್ನವರು ಕುವೈತ್‌ಗೆ ಹೋದರು. ಶುಐಬಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಕಂಪೆನಿಯ ಕ್ವಾರ್ಟರ್ಸಿನಲ್ಲಿ ಮಂಚದ ಮೇಲೆ ಮಂಚ. ಮಗಳು ಸುಮಾ ಹುಟ್ಟಿದ್ದು ಅವರಿಗೆ ತಂತಿಯಲ್ಲಿ ತಿಳಿಯಿತು. ಒಮ್ಮೆ ರಜೆಯಲ್ಲಿ ಬಂದಾಗ ಅವಳಿನ್ನೂ ತೊಟ್ಟಿಲಿನಲ್ಲಿದ್ದಳು. ಆಮೇಲೆ ಫ್ಯಾಮಿಲಿ ವೀಸಾ ಸಿಕ್ಕಿ ನಾವಿಬ್ಬರೂ ಕುವೈತ್ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅವಳಿಗೆ ಮೂರು ವರ್ಷ. ಅಪ್ಪ ಎತ್ತಿಕೊಳ್ಳಲು ಕೈ ಚಾಚಿದರೆ ನನ್ನ ಸೀರೆಯ ಹಿಂದೆ ಅಡಗಿ, "ಇದು ಫೋಟೋದ ಅಪ್ಪನಾ?" ಎಂದು ಕೇಳಿದಳು. ಅವರು ನಕ್ಕುಬಿಟ್ಟರು. ಆದರೆ ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು.

ಒಂದು ವರ್ಷದಲ್ಲಿ ಎಲ್ಲ ಬದಲಾಯಿತು. ಅವರು ಡ್ಯೂಟಿಯಿಂದ ಬರುವ ಹೊತ್ತಿಗೆ ಸುಮಾ ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ. ಅವರ ಎದೆಯ ಮೇಲೆ ಮಲಗಿದರೆ ಮಾತ್ರ ನಿದ್ರೆ. ನಾನು ಒಂದೊಂದು ಸಲ ರೇಗಿಸುತ್ತಿದ್ದೆ, "ನನ್ನನ್ನು ಊರಿಗೆ ಕಳಿಸಿ, ನೀವಿಬ್ಬರೇ ಇರಿ" ಎಂದು. ಆ ಮಾತು ಅರ್ಧ ನಿಜವಾಗುವ ಕಾಲ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಚುನಾವಣೆಗೆ ಸ್ವಲ್ಪ ಮೊದಲು ಸಾಲೆಮ್ ಒಂದು ದಿನ ಮೇಲೆ ಬಂದರು. ಅವರ ದೊಡ್ಡ ಮಗ ಖಾಲಿದ್‌ಗೆ ಮದುವೆ ನಿಶ್ಚಯವಾಗಿತ್ತು. ಮಹಡಿಯ ಮನೆ ಮಗನಿಗೆ ಬೇಕು ಎಂದರು. ಬೇರೆ ಕಡೆ ಬಾಡಿಗೆ ವಿಚಾರಿಸಿದರೆ ನಮ್ಮ ಕೈಗೆಟುಕುವಂಥದ್ದು ಒಂದೂ ಇರಲಿಲ್ಲ. ನನ್ನವರು ಕೈ ಮುಗಿಯುವುದೊಂದು ಬಾಕಿ. ಸಾಲೆಮ್ ಕೆಟ್ಟ ಮನುಷ್ಯರಲ್ಲ. ತಲೆ ತುರಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು, "ರಿಸಲ್ಟ್ ಬರಲಿ. ಆಮೇಲೆ ಮಾತಾಡೋಣ."

ರಿಸಲ್ಟ್ ಬಂದ ಮೇಲೂ ಮನೆ ಬಿಡಿ ಎಂದರೆ? ನಾನು ಮತ್ತು ಸುಮಾ ಊರಿಗೆ, ಅವರು ಮತ್ತೆ ಕ್ವಾರ್ಟರ್ಸಿಗೆ. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಆದರೆ ಒಂದು ಸಂಜೆ ಅವರು ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟದ್ದನ್ನು ನೋಡಿದೆ.

ಮನೆಯ ನಿಜವಾದ ಯಜಮಾನಿ ಸಾಲೆಮರ ತಾಯಿ. ಅಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದು ಕರೆಯುವ ಪದ್ಧತಿ. ಹಾಗಾಗಿ ಅವರು ಉಮ್ ಸಾಲೆಮ್, ಸಾಲೆಮನ ತಾಯಿ. ನಾನು ಅವರ ಬಾಯಲ್ಲಿ ಉಮ್ ಸುಮಾ. ಹಲ್ಲಿಲ್ಲದ ಬಾಯಿ, ಗಲ್ಲದ ಮೇಲೆ ಹಚ್ಚೆ, ಗಂಡಸರನ್ನೂ ಗದರಿಸುವ ಗಂಟಲು. ಮಧ್ಯಾಹ್ನ ಸುಮಾ ಕೆಳಗೆ ಹೋದರೆ ಅವರ ಮಡಿಲಲ್ಲಿ ಕುಳಿತು ಖರ್ಜೂರ ತಿನ್ನುತ್ತಿದ್ದಳು. ನನಗೂ ಅವರಿಗೂ ಮಾತು ಬೇಕಾದರೆ ಅವರ ಮನೆಕೆಲಸದ ಫಾತಿಮಾ ಬೇಕು. ಹೈದರಾಬಾದಿನವಳು, ಒಂದು ಕಡೆ ಅರಬ್ಬಿ, ಇನ್ನೊಂದು ಕಡೆ ಹಿಂದಿ, ನಡುವೆ ಸ್ವಲ್ಪ ಸ್ವಂತದ್ದೂ ಸೇರಿಸಿ ದಾಟಿಸುತ್ತಿದ್ದಳು.

ಮತ ಎಣಿಕೆ ಮುಗಿದ ಮರುದಿನ ನನ್ನವರಿಗೆ ಬೆಳಗಿನ ಶಿಫ್ಟ್. ಬೂಟು ಹಾಕುತ್ತಾ ಹೇಳಿದರು, "ಇವರು ಗೆದ್ದರೆ ನೀನೇ ಮೊದಲು ಹೋಗಿ ಅಜ್ಜಿಗೆ ಒಂದು ಮಬ್ರೂಕ್ ಹೇಳು ಮಾರಾಯ್ತಿ. ಸಂತೋಷದಲ್ಲಿರುವಾಗ ಮನಸ್ಸು ಮೆತ್ತಗಿರ್ತದೆ."

"ಗೆದ್ದದ್ದು ನನಗೆ ಗೊತ್ತಾಗುವುದು ಹೇಗೆ?"

"ಎಂತ, ನಿನಗೆ ಕಿವಿ ಇಲ್ಲವಾ? ಗೆದ್ದ ಮನೆ ಊರಿಗೇ ಗೊತ್ತಾಗ್ತದೆ."

ಅದು ಸರಿಯೇ. ನಮ್ಮ ಊರಲ್ಲಿ ಫಲಿತಾಂಶದ ದಿನ ಗೆದ್ದವನ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೋತವನ ಮನೆಗೆ ಕಾಗೆಯೂ ಹೋಗುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಎದುರಿನವರು ಒಮ್ಮೆ ಪಂಚಾಯತಿಗೆ ನಿಂತು ಸೋತಿದ್ದರು. ಹಿಂದಿನ ದಿನದವರೆಗೆ ಅವರ ಅಂಗಳದಲ್ಲಿ ಚಹಾ ಕುಡಿದವರೇ ಮರುದಿನ ಅವರ ಗೇಟಿನ ಮುಂದೆ ನಿಂತು ಗರ್ನಾಲು ಸಿಡಿಸಿದರು. ಅವರು ಒಂದು ವಾರ ಕಿಟಕಿ ತೆರೆಯಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ನಾನು ಬಾಲ್ಕನಿಗೆ ಬಂದು ನೋಡಿದೆ. ಎದುರಿನ ಖಾಲಿ ಜಾಗದಲ್ಲಿ ಹಾಕಿದ್ದ ಸಾಲೆಮರ ಚುನಾವಣೆಯ ಡೇರೆಯ ಮುಂದೆ ಕಾರುಗಳು ಮರಳಿನ ಮೇಲೆಲ್ಲ ನಿಂತಿವೆ, ಇನ್ನೂ ಬರುತ್ತಿವೆ. ಬಿಳಿ ಉಡುಪಿನ ಗಂಡಸರು ಸಾಲು ಹಿಡಿದು ಒಳಗೆ ಹೋಗುತ್ತಿದ್ದಾರೆ. ಸಾಲೆಮ್ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಅಪ್ಪಿಕೊಳ್ಳುತ್ತಿದ್ದಾರೆ. ಕಾಫಿಯ ಹಿತ್ತಾಳೆ ಕೂಜಾಗಳು ಓಡಾಡುತ್ತಿವೆ. ನಗುವೂ ಕೇಳಿಸುತ್ತಿದೆ. ದೂರದಲ್ಲಿ ಡೋಲಿನ ಸದ್ದು, ಹಾರ್ನ್‌ಗಳ ಸದ್ದು. ಬಾವುಟ ಕಟ್ಟಿದ ಕಾರುಗಳ ಒಂದು ಸಾಲು ನಮ್ಮ ಬೀದಿಗೂ ಬಂತು. ಒಂದು ವಿಚಿತ್ರ ನೋಡಿದೆ. ನಮ್ಮ ಬೀದಿಯ ತಿರುವಿನಲ್ಲಿ ಎಲ್ಲ ಕಾರುಗಳೂ ಹಾರ್ನ್ ನಿಲ್ಲಿಸಿದವು. ಮೆಲ್ಲಗೆ, ಸದ್ದಿಲ್ಲದೆ ಡೇರೆಯನ್ನು ದಾಟಿದವು. ಆಚೆ ಬೀದಿಗೆ ಹೊರಳಿದ ಮೇಲೆ ಮತ್ತೆ ಪೋಂ ಪೋಂ ಶುರು. ಗೆದ್ದ ದೊಡ್ಡವರ ಮನೆಯೆಂದು ಎಷ್ಟು ಮರ್ಯಾದೆ ನೋಡಿ ಎಂದುಕೊಂಡೆ.

ಇನ್ನು ಅನುಮಾನವೆಲ್ಲಿ? ಸೀದಾ ಅಡುಗೆಮನೆಗೆ ಹೋಗಿ ಮೈಸೂರುಪಾಕಿಗೆ ಇಟ್ಟೆ. ಸಂಭ್ರಮಕ್ಕೋ ಆತಂಕಕ್ಕೋ ಪಾಕ ಒಂದು ಗಳಿಗೆ ಜಾಸ್ತಿಯಾಯಿತು. ಗೋಡೆಗೆ ಹೊಡೆದರೆ ಗೋಡೆಗೇ ಪೆಟ್ಟಾಗುವಂಥ ಮೈಸೂರುಪಾಕು. ಆದರೂ ತಟ್ಟೆಯಲ್ಲಿ ಜೋಡಿಸಿದೆ. ನಮ್ಮ ಪುಣ್ಯಕ್ಕೆ ಹಿಂದಿನ ದಿನವಷ್ಟೇ ಊರಿನಿಂದ ಬಂದ ಪರಿಚಯದವರೊಬ್ಬರು ಶಂಕರಪುರ ಮಲ್ಲಿಗೆಯ ಚೆಂಡುಗಳನ್ನು ಬಾಳೆಲೆಯಲ್ಲಿ ಕಟ್ಟಿ ತಂದುಕೊಟ್ಟಿದ್ದರು. ಕುವೈತ್‌ನಲ್ಲಿ ಆ ಹೂವೆಂದರೆ ಚಿನ್ನ. ಮುಡಿದರೆ ಒಂದು ದಿನ, ಫ್ರಿಜ್ಜಿನಲ್ಲಿಟ್ಟು ಮೂಸಿದರೆ ಒಂದು ವಾರ. ಆ ಚೆಂಡುಗಳನ್ನೆಲ್ಲ ಬಿಚ್ಚಿ, ಒಂದಕ್ಕೊಂದು ಸೇರಿಸಿ ಹಾರ ಮಾಡಿದೆ. ಗೆದ್ದವರಿಗೆ ಹಾರ ಹಾಕದೆ ಮಬ್ರೂಕ್ ಹೇಳಿದರೆ ಅದು ಬರೀ ಬಾಯುಪಚಾರ ಅಲ್ಲವೇ?

ಮದುವೆಯ ಕೆಂಪು ರೇಷ್ಮೆ ಸೀರೆ ಉಟ್ಟೆ. ಸುಮಾಳಿಗೂ ಜರಿ ಲಂಗ. ತಟ್ಟೆ ಹಿಡಿದುಕೊಂಡು ಅಮ್ಮ ಮಗಳು ಕೆಳಗಿಳಿದೆವು.

ಹೆಂಗಸರು ಕೂರುವ ಹಜಾರ ತುಂಬಿತ್ತು. ಗೋಡೆಗೆ ಒರಗಿ, ಕಪ್ಪು ಬಟ್ಟೆಯ ನೆಂಟರಿಷ್ಟರು ಕಾರ್ಪೆಟ್ಟಿನ ಮೇಲೆ ಕುಳಿತಿದ್ದರು. ಧೂಪದ ವಾಸನೆ, ಏಲಕ್ಕಿ ಕಾಫಿಯ ವಾಸನೆ. ಎದುರಿಗೆ ಉಮ್ ಸಾಲೆಮ್. ಎಲ್ಲರೂ ನನ್ನ ಕಡೆ ನೋಡಿದರು. ಸೀರೆ ನೋಡುತ್ತಿದ್ದಾರೆಂದುಕೊಂಡು ಇನ್ನಷ್ಟು ಹಿಗ್ಗಿದೆ. ನೇರ ಹೋಗಿ ಹಾರವನ್ನು ಅವರ ಕೊರಳಿಗೆ ಹಾಕಿ, ಬರುವ ಅರಬ್ಬಿಯಲ್ಲಿ ಗಟ್ಟಿಯಾಗಿ ಹೇಳಿದೆ, "ಮಬ್ರೂಕ್ ಯಾ ಉಮ್ ಸಾಲೆಮ್! ಅಲ್ಫ್ ಮಬ್ರೂಕ್!" ಸಾವಿರ ಅಭಿನಂದನೆ ಎಂದು. ಸುಮಾ ಅಷ್ಟರಲ್ಲಿ ತಟ್ಟೆಯಿಂದ ಒಂದು ತುಂಡು ತೆಗೆದು ಅಜ್ಜಿಯ ಬಾಯಿಗೆ ಇಟ್ಟುಬಿಟ್ಟಿದ್ದಳು.

ಯಾರದೋ ಕೈಯಲ್ಲಿ ಕಾಫಿ ಬಟ್ಟಲು ಅರ್ಧಕ್ಕೆ ನಿಂತಿತ್ತು. ಒಬ್ಬ ಹೆಂಗಸು ಏನೋ ಚುರುಕಾಗಿ ಅಂದಳು. ಸಾಲೆಮರ ಹೆಂಡತಿ ಮುಖ ಕೆಂಪಗೆ ಮಾಡಿಕೊಂಡು ಎದ್ದು, ಅತ್ತೆಯ ಕೊರಳಿನಿಂದ ಹಾರ ತೆಗೆಯಲು ಕೈ ಚಾಚಿದರು. ಫಾತಿಮಾ ಕೂಜಾ ಹಿಡಿದುಕೊಂಡೇ ಓಡಿ ಬಂದು ನನ್ನ ಕಿವಿಯಲ್ಲಿ ಹೇಳಿದಳು, "ಯೇ ಕ್ಯಾ ಕಿಯಾ ಬೀಬಿ? ಸಾಹೇಬ್ ಜೀತೇ ನಹೀಂ!"

ಗೆದ್ದಿಲ್ಲ. ಸ್ವಲ್ಪದರಲ್ಲಿ ಸೋತಿದ್ದಾರೆ. ಹೊರಗೆ ಬಂದ ಆ ಜನರೆಲ್ಲ ಸಮಾಧಾನ ಹೇಳಲು ಬಂದವರು. ಅಲ್ಲಿ ಅದೇ ರೂಢಿ. ಗೆದ್ದವನ ಮನೆಗೆ ಹೋಗಲು ನಾಳೆಯೂ ಇದೆ, ಸೋತವನ ಮನೆಗೆ ಇವತ್ತೇ ಹೋಗಬೇಕಂತೆ. ಕಾಫಿ ಕೊಡುವುದೂ, ನಾಲ್ಕು ನಗೆಮಾತು ಆಡುವುದೂ ಅದಕ್ಕೇ. ಹಾರ್ನ್ ನಿಲ್ಲಿಸಿ ದಾಟಿದ್ದು ಗೆದ್ದವರ ಕಾರುಗಳು. ಸಾಲೆಮರ ಬೀದಿಯಲ್ಲಿ ಒಂದು ಸದ್ದೂ ಆಗಬಾರದೆಂದು ಗೆದ್ದವರೇ ತಮ್ಮ ಹುಡುಗರಿಗೆ ಹೇಳಿ ಕಳಿಸಿದ್ದರಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿದ್ದದ್ದು ಒಂದೇ: ಊರಿನ ಎದುರುಮನೆಯವರ ಗೇಟಿನ ಮುಂದೆ ಗರ್ನಾಲು ಸಿಡಿಸಿದ್ದರಲ್ಲ, ಇವತ್ತು ನಾನು ಇವರ ಹಜಾರದ ಒಳಗೇ ಸಿಡಿಸಿದೆ. ಜೊತೆಗೆ, ನಮ್ಮ ಮನೆ ಹೋಯಿತು. ಸುಮಾಳ ಅಪ್ಪ ಹೋದರು. ಅಲ್ಲೇ ಕುಳಿತುಬಿಟ್ಟೆ. "ಸಾರಿ, ಸಾರಿ" ಎನ್ನುತ್ತಾ ಹಾರಕ್ಕೆ ನಾನೂ ಕೈ ಹಾಕಿದೆ.

ಉಮ್ ಸಾಲೆಮ್ ನಮ್ಮಿಬ್ಬರ ಕೈಯನ್ನೂ ತಡೆದರು. ಮಾತಾಡಲು ಅವರಿಗೆ ಆಗುತ್ತಿರಲಿಲ್ಲ. ಬಾಯಲ್ಲಿ ನನ್ನ ಮೈಸೂರುಪಾಕಿತ್ತು. ಹಲ್ಲಿಲ್ಲದ ಬಾಯಿಗೆ ಆ ಕಲ್ಲು! ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿ, ಚೀಪಿ, ಕರಗಿಸಿ, ನಿಧಾನಕ್ಕೆ ನುಂಗುವವರೆಗೆ ಹಜಾರ ಪೂರ್ತಿ ಕಾಯಿತು. ಆಮೇಲೆ ಅವರು ಎಲ್ಲರಿಗೂ ಕೇಳುವಂತೆ ಅರಬ್ಬಿಯಲ್ಲಿ ಮಾತಾಡಿದರು. ಫಾತಿಮಾ ನನ್ನ ಪಕ್ಕ ಕುಳಿತು ಹಿಂದಿಯಲ್ಲಿ ಹೇಳುತ್ತಾ ಹೋದಳು.

"ಬೆಳಿಗ್ಗೆಯಿಂದ ನೀವೆಲ್ಲ ಬಂದು ಅಯ್ಯೋ ಅಂದಿರಿ. ಒಳ್ಳೆಯದು. ಆದರೆ ಸರಿಯಾದ ಮಾತು ಹೇಳಿದ್ದು ಈ ಇಂಡಿಯಾದ ಹುಡುಗಿ ಒಬ್ಬಳೇ. ಚುನಾವಣೆ ಶುರುವಾದಾಗಿನಿಂದ ನನ್ನ ಮಗ ಊರಿನವರ ಮಗನಾಗಿದ್ದ. ಅವನ ಮುಖ ನಾನು ಗೋಡೆಯ ಪೋಸ್ಟರಿನಲ್ಲಿ ನೋಡಿದ್ದೇ ಹೆಚ್ಚು. ಇವತ್ತು ಬೆಳಿಗ್ಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ರೊಟ್ಟಿ ಮುರಿದ. ನನ್ನ ಮಗ ನನಗೆ ವಾಪಸ್ ಸಿಕ್ಕ. ಇದಕ್ಕೆ ಮಬ್ರೂಕ್ ಅನ್ನದೆ ಇನ್ನೇನು ಅನ್ನುತ್ತಾರೆ?"

ಮೊದಲು ಒಬ್ಬಾಕೆ ನಕ್ಕಳು. ಆಮೇಲೆ ಇನ್ನೊಬ್ಬಾಕೆ. ಸಾಲೆಮರ ಹೆಂಡತಿಯೂ ನಕ್ಕರು, ಕಣ್ಣು ಒರೆಸಿಕೊಂಡರು. ಬೆಳಿಗ್ಗೆಯಿಂದ ತಡೆದುಕೊಂಡಿದ್ದರೋ ಏನೋ, ಒರೆಸಿದಷ್ಟೂ ಬರುತ್ತಿತ್ತು. ನನ್ನ ತಟ್ಟೆ ಕೈಯಿಂದ ಕೈಗೆ ಹೋಯಿತು. ಪಟ್ ಪಟ್ ಎಂದು ಹಲ್ಲಿನಲ್ಲಿ ಮುರಿಯುವ ಸದ್ದು ಕೇಳಿಸಿತು. ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅಷ್ಟರಲ್ಲಿ ಬಾಗಿಲ ಹೊರಗೆ ಸಾಲೆಮ್ ಕೆಮ್ಮಿದ ಸದ್ದಾಯಿತು. ಹೆಂಗಸರು ಮುಸುಕು ಸರಿಮಾಡಿಕೊಂಡ ಮೇಲೆ ಅವರು ಒಳಗೆ ಬಂದರು. ಗೆದ್ದವರನ್ನು ಅಭಿನಂದಿಸಲು ಹೊರಟಿದ್ದರು; ಹೋಗುವ ಮೊದಲು ತಾಯಿಯ ತಲೆಗೆ ಮುತ್ತಿಡಲು ಬಂದದ್ದು. ತಾಯಿಯ ಕೊರಳಿನ ಮಲ್ಲಿಗೆ ಹಾರ ನೋಡಿದರು, ರೇಷ್ಮೆ ಸೀರೆಯ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ತಾಯಿ ನಡೆದದ್ದನ್ನು ಅವರಿಗೆ ಹೇಳಿದರು. ಸಾಲೆಮ್ ಒಮ್ಮೆಲೇ ಹೊಟ್ಟೆ ಕುಲುಕಿಸಿ ನಕ್ಕರು. ರಾತ್ರಿಯಿಂದ ಅವರು ನಕ್ಕದ್ದು ಅದೇ ಮೊದಲು ಎಂದು ಫಾತಿಮಾ ಹೇಳಿದಳು. "ಅವರ ಮನೆಗೆ ಬರಿಗೈಯಲ್ಲಿ ಹೋಗಬೇಡ, ಇದನ್ನೂ ಒಯ್ಯಿ. ಯಲ್ಲಾ, ಹೊರಡು" ಎಂದು ಉಮ್ ಸಾಲೆಮ್ ಉಳಿದ ಮೈಸೂರುಪಾಕನ್ನು ಅವರ ಕೈಗೆ ಕೊಟ್ಟರು. ಹಾರವನ್ನು ಮಾತ್ರ ಕೊಡಲಿಲ್ಲ.

ಸಂಜೆ ನನ್ನವರು ಶಿಫ್ಟ್ ಮುಗಿಸಿ ಬಂದವರೇ ಬಾಗಿಲಲ್ಲೇ ಹೇಳಿದರು, "ಬಸ್ಸಲ್ಲಿ ಸುದ್ದಿ ಗೊತ್ತಾಯ್ತು. ಸೋತದ್ದಂತೆ. ಸದ್ಯ ಕೆಳಗೆ ಹೋಗಬೇಡ ಆಯ್ತಾ?" ನಾನು ನಡೆದದ್ದು ಹೇಳಿದೆ. ಅವರು ಬೂಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ತಲೆಗೆ ಕೈ ಹೊತ್ತು ಕುಳಿತರು. "ಎಂತ ಮಾಡಿದೆ ಮಾರಾಯ್ತಿ! ಸೋತವರಿಗೆ ಹಾರ ಹಾಕಿದೆಯಾ! ಇನ್ನು ಖಲಾಸ್, ಪೆಟ್ಟಿಗೆ ಕಟ್ಟುವುದೇ." ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಸುಮಾಳನ್ನು ಮಡಿಲಿಗೆ ಎಳೆದುಕೊಂಡು ಅವಳ ಜಡೆಯ ರಿಬ್ಬನ್ನನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಕತ್ತಲಾಗುವ ಮೊದಲು ಗೆದ್ದ ಮನುಷ್ಯರೇ ಸಾಲೆಮರ ಡೇರೆಗೆ ಬಂದರು. ಬಾವುಟವಿಲ್ಲ, ಡೋಲಿಲ್ಲ, ಜೊತೆಗೆ ಇಬ್ಬರೇ. ಸಾಲೆಮರೂ ಅವರೂ ಮೂಗಿಗೆ ಮೂಗು ತಾಗಿಸಿ ಅಪ್ಪಿಕೊಂಡರು. ಉಮ್ ಸಾಲೆಮ್ ಗೇಟಿನವರೆಗೆ ಬಂದರು. ಆ ದೊಡ್ಡ ಮನುಷ್ಯರು ಬಾಗಿ ಅವರ ತಲೆಗೆ ಮುತ್ತಿಟ್ಟರು. ನಾವು ಬಾಲ್ಕನಿಯ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ನನ್ನವರು ಮೆಲ್ಲಗೆ, "ನಮ್ಮಲ್ಲಿ ಹೀಗೆ ಆಗ್ತದಾ?" ಎಂದರು. ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದಿನ ದಿನಗಳಲ್ಲಿ ಡೇರೆ ಬಿಚ್ಚಿದರು, ಪೋಸ್ಟರು ಹರಿದರು. ಸಾಲೆಮ್ ಎದುರಾದರೆ ತಲೆಯಾಡಿಸುತ್ತಿದ್ದರು ಅಷ್ಟೆ. ಮನೆಯ ಮಾತಿಲ್ಲ. ನಮಗೂ ಕೇಳುವ ಬಾಯಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಫಾತಿಮಾ ಬಂದು, "ಅಜ್ಜಿ ಕರೆಯುತ್ತಿದ್ದಾರೆ" ಎಂದಳು. ಈ ಸಲ ಹತ್ತಿ ಸೀರೆಯಲ್ಲೇ ಇಳಿದೆ.

ಉಮ್ ಸಾಲೆಮ್ ಅಂಗಳದ ಬಿಸಿಲಲ್ಲಿ ಕುಳಿತಿದ್ದರು. ಸುಮಾ ಆಗಲೇ ಅವರ ಮಡಿಲಲ್ಲಿ. ಸುತ್ತುಬಳಸು ಅವರ ಜಾಯಮಾನವಲ್ಲ. "ಮಹಡಿ ಖಾಲಿದ್‌ಗೇ. ಮೊಮ್ಮಗನ ಮದುವೆ ನಾನು ನಿಲ್ಲಿಸಲಾರೆ" ಎಂದರು.

ನಾನು ತಲೆಯಾಡಿಸಿದೆ.

"ನೀನು ಎಲ್ಲಿಗೆ ಹೋಗುತ್ತೀ?"

"ಊರಿಗೆ. ಮಂಗಳೂರಿಗೆ."

"ಮಂಗಲೋರ್" ಎಂದರು ಅವರು. ಫಾತಿಮಾ ದಾಟಿಸುವ ಮೊದಲೇ ಅವರ ಮುಖ ಬದಲಾಗಿತ್ತು. ನಾನು ಇಂಡಿಯಾದವಳೆಂದು ಗೊತ್ತಿತ್ತೇ ಹೊರತು ಯಾವ ಊರೆಂದು ಅವರು ವಿಚಾರಿಸಿರಲಿಲ್ಲ, ನಾನೂ ಹೇಳಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ಇಲ್ಲಿ ಎಣ್ಣೆ ಸಿಗುವ ಮುಂಚೆ ಅವರ ಗಂಡ ಹಡಗಿನವರಾಗಿದ್ದರಂತೆ. ಚಳಿಗಾಲಕ್ಕೆ ಮುಂಚೆ ಖರ್ಜೂರ ತುಂಬಿಕೊಂಡು ನಮ್ಮ ಕಡೆಯ ಬಂದರುಗಳಿಗೆ ಹೋಗಿ, ಮರ, ಹಗ್ಗ, ಹೆಂಚು ಹೇರಿಕೊಂಡು ಬೇಸಗೆಗೆ ವಾಪಸ್ಸು. ವರ್ಷದಲ್ಲಿ ಅರ್ಧ ವರ್ಷ ಅಲ್ಲಿ.

"ನಿನ್ನ ಊರಿನ ಹೆಸರು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಸವತಿಯ ಹೆಸರು ಕೇಳಿದ ಹಾಗೆ. ಇವನು, ನನ್ನ ಸಾಲೆಮ್, ಹುಟ್ಟಿದಾಗ ಅವನಪ್ಪ ಮಂಗಲೋರಿನಲ್ಲಿದ್ದ. ಹಡಗು ಬಂದ ದಿನ ಇದೇ ದಡದಲ್ಲಿ ಮಗುವನ್ನು ಅಪ್ಪನ ಕೈಗೆ ಕೊಟ್ಟೆ. ಮಗು ಹೆದರಿ ಕಿರುಚಿತು. ಆ ಗಂಡಸು ಬೆನ್ನು ತಿರುಗಿಸಿ ನಿಂತುಬಿಟ್ಟ. ಅಳುತ್ತಿದ್ದಾನೆಂದು ಗೊತ್ತಾಗಬಾರದಲ್ಲ, ಅದಕ್ಕೆ."

ನಾನು ಆ ಟ್ಯಾಕ್ಸಿಯ ಕಿಟಕಿಯ ಕಥೆ ಅವರಿಗೆ ಯಾವತ್ತೂ ಹೇಳಿದವಳಲ್ಲ. ಈಗಲೂ ಹೇಳಲಾಗಲಿಲ್ಲ. ಸುಮ್ಮನೆ ಅವರ ಕೈ ಹಿಡಿದುಕೊಂಡೆ.

ಅವರು ಅಂಗಳದ ಹಿಂದಿನ ಎರಡು ಕೋಣೆಗಳನ್ನು ತೋರಿಸಿದರು. ಹಳೆಯ ಸಾಮಾನು ತುಂಬಿಟ್ಟಿದ್ದ, ಅವರ ಸ್ವಂತದ ಕೋಣೆಗಳು. "ಅದನ್ನು ಖಾಲಿ ಮಾಡಿಸುತ್ತೇನೆ. ಚಿಕ್ಕದು. ಅಡುಗೆಗೆ ಮೂಲೆ ಉಂಟು. ಸಾಲೆಮ್‌ಗೆ ಹೇಳಿಯಾಯಿತು. ನನ್ನ ಕೊರಳಿಗೆ ಹೂವು ಹಾಕಿದವಳನ್ನು ನಾನು ಸಮುದ್ರ ದಾಟಿಸುವುದಿಲ್ಲ ಎಂದೆ. ನಾನು ಇಲ್ಲಿ ಕುಳಿತು ಕಾದೆ, ಯಾ ಬಿಂತಿ. ನೀನು ಅಲ್ಲಿ ಕುಳಿತು ಕಾಯಬೇಡ."

ಯಾ ಬಿಂತಿ ಎಂದರೆ ನನ್ನ ಮಗಳೇ ಎಂದು. ಅದನ್ನು ಫಾತಿಮಾ ದಾಟಿಸಬೇಕಾಗಿರಲಿಲ್ಲ. ದಾಟಿಸುವ ಸ್ಥಿತಿಯಲ್ಲೂ ಅವಳಿರಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಮಕ್ಕಳು ಹೈದರಾಬಾದಿನಲ್ಲಿದ್ದರು.

ಆ ಎರಡು ಕೋಣೆಗಳಲ್ಲಿ ನಾವು ನನ್ನವರ ಕೆಲಸ ಮುಗಿಯುವವರೆಗೂ ಇದ್ದೆವು. ಬೇಸಗೆಯಲ್ಲಿ ಕುದಿಯುತ್ತಿತ್ತು, ಚಳಿಯಲ್ಲಿ ಗಡಗಡ. ನಾನು ಗೊಣಗಿದ್ದೂ ಉಂಟು, ಸುಳ್ಳೇಕೆ ಹೇಳಲಿ. ಆದರೆ ಆ ಬಾಗಿಲು ಪ್ರತಿ ಸಂಜೆ ತೆರೆದು ಸುಮಾಳ ಅಪ್ಪ ಒಳಗೆ ಬರುತ್ತಿದ್ದರು.

ಈಗ ಸುಮಾಳಿಗೇ ಇಬ್ಬರು ಮಕ್ಕಳು. ಆ ಚುನಾವಣೆಯ ದಿನಗಳ ಒಂದು ಚೂರೂ ಅವಳಿಗೆ ನೆನಪಿಲ್ಲ. ಮೊನ್ನೆ ಈ ಕಥೆಯನ್ನೆಲ್ಲ ಹೇಳಿ, "ಅಜ್ಜಿ ಅವತ್ತು ಹಾಗೆ ಹೇಳದಿದ್ದರೆ ನೀನು ಅಪ್ಪನಿಲ್ಲದೆ ಬೆಳೆಯುತ್ತಿದ್ದೆ" ಎಂದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. "ಎಂತ ಅಮ್ಮ ನೀನು? ಅಪ್ಪ ಯಾವಾಗಲೂ ಜೊತೆಯಲ್ಲೇ ಇದ್ದರಲ್ಲ!" ಎಂದಳು.